ಸಂಜೆಯ ಗದ್ದಲ

ಒಂದು ಪರಮಾಣು ಒಂದೇ ಹೊತ್ತಿನಲ್ಲಿ ಎರಡು ಹಾದಿ ಹಿಡಿಯುತ್ತದೆ ಎಂದರೆ ಯಾರು ನಂಬುತ್ತಾರೆ? ನೀಲಾಂಬಿಕಾ ಮುಳಗುಂದ ನಂಬಿದ್ದರು. ಬರೀ ನಂಬಿದ್ದಲ್ಲ, ಆ ಒಂದು ಮಾತಿನ ಬೆನ್ನು ಹತ್ತಿ ಕಪ್ಪತಗುಡ್ಡದ ಸೆರಗಿನ ಹಳೇ ಚಿನ್ನದ ಗಣಿಯೊಳಗೆ ಇಪ್ಪತ್ತಾರು ವರ್ಷ ಕೂತಿದ್ದರು. ಈಗ ಅವರಿಗೆ ಅರವತ್ತೆಂಟು. ಧಾರವಾಡದ ಕಾಲೇಜಿನಲ್ಲಿ ಓದುವಾಗ ಈ ಹುಚ್ಚು ಹತ್ತಿತು. ಆಮೇಲೆ ದೇಶ ಹೊರದೇಶ ಎಲ್ಲ ತಿರುಗಿದರು. ದೊಡ್ಡ ದೊಡ್ಡ ಪ್ರಯೋಗಾಲಯಗಳು ಇಲ್ಲೇ ಇರಿ ಎಂದವು. ಅಲ್ಲೆಲ್ಲ ನೆಲದಡಿ ರೈಲು ಓಡುತ್ತದೆ, ನನಗೆ ಅಲುಗಾಡದ ನೆಲ ಬೇಕು ಎಂದು ಈಯಮ್ಮ ಗಂಟುಮೂಟೆ ಕಟ್ಟಿಕೊಂಡು ಗದಗಿಗೆ ಬಂದರು. ಚಿನ್ನ ಮುಗಿದು ಬಾವಲಿಗಳ ಪಾಲಾಗಿದ್ದ ಗಣಿಯನ್ನು ಸರಕಾರದಿಂದ ಬೇಡಿ ಪಡೆದರು.

ಗಣಿಯ ಬಾಯಿಂದ ನಾನೂರು ಹೆಜ್ಜೆ ಒಳಗೆ, ಕಲ್ಲಲ್ಲಿ ಕೊರೆದ ಕೋಣೆ. ಅದರ ನಡುವೆ ಆಳೆತ್ತರದ ಒಂದು ಉಕ್ಕಿನ ಕೊಳವೆ. ಕೊಳವೆಯೊಳಗೆ ಗಾಳಿ ಎಂಬುದೇ ಇಲ್ಲ. ರುಬಿಡಿಯಂ ಎಂಬ ಲೋಹದ ಒಂದಿಷ್ಟು ಪರಮಾಣುಗಳನ್ನು ಎಲ್ಲ ದಿಕ್ಕಿನಿಂದ ಲೇಸರ್ ಬೆಳಕಲ್ಲಿ ಒತ್ತಿ ಹಿಡಿದು, ಮಿಸುಕದಷ್ಟು ತಣ್ಣಗೆ ಮಾಡಿ, ಮೆಲ್ಲಗೆ ಮೇಲಕ್ಕೆ ತೂರುವುದು. ಅವು ಏರಿ ಇಳಿಯುವಷ್ಟರಲ್ಲಿ ಬೆಳಕಿನ ಒಂದು ಏಟು. ಆ ಏಟಿಗೆ ಪ್ರತಿ ಪರಮಾಣುವೂ ಎರಡು ಹಾದಿ ಹಿಡಿಯುತ್ತದೆ: ಒಂದು ಮೇಲಿನದು, ಒಂದು ಕೆಳಗಿನದು. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದಲ್ಲ ಮತ್ತೆ! ಒಡೆಯದ ಒಂದೇ ಪರಮಾಣು, ಎರಡೂ ಹಾದಿಯಲ್ಲಿ. ಇಣುಕಿ ನೋಡಿದಿರೋ, ಒಂದೇ ಹಾದಿ. ನೋಡದೆ ಬಿಟ್ಟಿರೋ, ಎರಡೂ. ಬೆಳಕಿನ ಇನ್ನೊಂದು ಏಟು ಆ ಎರಡು ಹಾದಿಯನ್ನು ಮತ್ತೆ ಕೂಡಿಸುತ್ತದೆ. ಭೂಮಿ ಎರಡನ್ನೂ ಒಂದೇ ಸಮ ಎಳೆದಿರುವುದಿಲ್ಲವಲ್ಲ, ಆ ವ್ಯತ್ಯಾಸವನ್ನು ಪರಮಾಣು ತನ್ನ ಮೈಯಲ್ಲಿ ಹೊತ್ತು ತರುತ್ತದೆ. ಅದನ್ನು ಓದಿದರೆ ಆ ಜಾಗದಲ್ಲಿ ಭೂಮಿಯ ಎಳೆತ ಎಷ್ಟು ಎಂದು ತಿಳಿಯುತ್ತದೆ. ಪರದೆಯ ಮೇಲೆ ಉದ್ದಾನುದ್ದ ಒಂದು ಸಂಖ್ಯೆ. ಚಂದ್ರ ತಲೆಯ ಮೇಲೆ ಬಂದರೆ ಅದು ಇಳಿಯುತ್ತಿತ್ತು, ಚಂದ್ರ ಸರಿದರೆ ಏರುತ್ತಿತ್ತು. ಆಕಾಶದಲ್ಲಿ ಅಷ್ಟು ದೂರ ಇರುವ ಚಂದ್ರ ಗಣಿಯೊಳಗೆ ಕೈ ಹಾಕಿ ಎಳೆಯುವುದನ್ನು ನೀಲಾಂಬಿಕಾ ಸಾವಿರ ಸಲ ನೋಡಿದ್ದರು. ಸಾವಿರದ ಒಂದನೇ ಸಲವೂ ಅವರ ಮೈ ಜುಮ್ಮೆನ್ನುತ್ತಿತ್ತು.

ಚಂದ್ರ ಸೂರ್ಯರ ಲೆಕ್ಕ ಕಳೆದರೆ ಆ ಸಂಖ್ಯೆ ನಿಂತಲ್ಲೇ ನಿಲ್ಲಬೇಕು. ಕೊನೆಯ ಮೂರು ಅಂಕಿ ಇನ್ನೂರ ಹದಿನಾಲ್ಕು. ನಾಲ್ಕು ತಿಂಗಳಿಂದ ಅದು ಅಲ್ಲೇ ನಿಂತಿತ್ತು. ನಿಲ್ಲಲೇಬೇಕಿತ್ತು, ಯಾಕೆಂದರೆ ಸೋಮವಾರ ಸಮಿತಿ ಬರುತ್ತಿತ್ತು. ಐದು ವರ್ಷದ ಹಿಂದೆ ಬಂದಿದ್ದ ಸಮಿತಿಯ ಆರು ಮಂದಿ ಯಂತ್ರದ ಸುತ್ತ ನಿಂತು ನೋಡುತ್ತಿದ್ದಾಗಲೇ ಸಂಖ್ಯೆ ನಾಲ್ಕುನೂರು ಐದುನೂರು ಎಂದು ಎಗರಾಡಿ ಮಾನ ಕಳೆದಿತ್ತು. "ಯಂತ್ರ ಚಂಚಲ" ಎಂದು ಬರೆದು, ಕೊನೆಯದೊಂದು ಗಡುವು ಕೊಟ್ಟು ಹೋಗಿದ್ದರು. ಆ ಗಡುವು ಈಗ ಮುಗಿದಿತ್ತು. ಗಣಿಯ ತಳದಲ್ಲಿ ಒಸರುವ ನೀರನ್ನು ಎರಡು ಪಂಪುಗಳು ಹಗಲಿರುಳೂ ಎತ್ತುತ್ತವೆ. ಸಮಿತಿ ಬೇಡವೆಂದರೆ ಪಂಪು ನಿಲ್ಲುತ್ತದೆ, ಎರಡು ತಿಂಗಳಲ್ಲಿ ನೀರು ಕೋಣೆಯ ಸೂರು ಮುಟ್ಟುತ್ತದೆ. ಆಮೇಲೆ ಇಪ್ಪತ್ತಾರು ವರ್ಷವೂ ನೀರುಪಾಲು.

ಹೀಗಿರುವಾಗ ವಿಜಯದಶಮಿಯ ಬೆಳಿಗ್ಗೆ ನೀಲಾಂಬಿಕಾ ಕಂಟ್ರೋಲ್ ರೂಮಿನ ಬಾಗಿಲು ತೆಗೆದು ಪರದೆ ನೋಡುತ್ತಾರೆ, ಇನ್ನೂರ ಎಪ್ಪತ್ತೆಂಟು!

ಕನ್ನಡಕ ಒರೆಸಿ ಮತ್ತೆ ನೋಡಿದರು. ಎಪ್ಪತ್ತೆಂಟೇ. ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಅರವತ್ತನಾಲ್ಕು ಮೆಟ್ಟಿಲು ಹತ್ತಿ ಆರಾಮಾಗಿ ಕೂತುಬಿಟ್ಟಿದೆ. ಎರಡು ದಿನ ಅವರು ಅನ್ನ ನೀರು ಬಿಟ್ಟು ಹುಡುಕಿದರು. ಲೇಸರ್ ಸರಿಯಿತ್ತು, ಗಡಿಯಾರ ಸರಿಯಿತ್ತು, ಕೊಳವೆಯೊಳಗಿನ ನಿರ್ವಾತ ಸರಿಯಿತ್ತು. ಕರೆಂಟು ಕೂಡ ಎಂದೂ ಇಲ್ಲದ ಹಾಗೆ ಸರಿಯಿತ್ತು. ಮೂರನೇ ದಿನ ಸಮಿತಿಗೆ ಬರೆಯಲು ಕಾಗದ ತೆಗೆದುಕೊಂಡರು. ಸುಳ್ಳು ಹೇಳಿ ಸಂಖ್ಯೆಯನ್ನು ಹಿಂದಕ್ಕೆ ತಿರುಗಿಸುವ ಜಾಯಮಾನ ಅವರದಲ್ಲ.

ಅಷ್ಟರಲ್ಲಿ ಮೌನೇಶಪ್ಪ ಕಮ್ಮಾರ ಬಂದ. ಗಣಿಯ ಲೇಥು, ಪಂಪು, ಬೆಸುಗೆ ಎಲ್ಲ ಇವನದೇ. ಯಂತ್ರದ ಕೊಳವೆಯನ್ನು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕಡೆದವನೂ ಇವನೇ. ಐವತ್ತು ದಾಟಿದ ಆಳು, ಕೈಯಲ್ಲಿ ಬನ್ನಿ ಎಲೆ.

"ಬಾಯಾರ, ಬನ್ನಿ ತಗೋರಿ. ಬಂಗಾರದ್ಹಂಗ ಇರ್ರಿ. ಊರಿಗಿ ಹೋಗಿದ್ದೆ, ತಡಾ ಆತು."

"ಎಲ್ಲಿ ಬಂಗಾರೋ ಮೌನೇಶಪ್ಪ. ಇಲ್ಲಿ ನೋಡು, ಮುಳುಗಿದ್ವಿ. ಅರವತ್ತನಾಕು ಎಗರೇತಿ."

"ಯಾವಾಗಿಂದ್ರಿ?"

"ನವಮಿ ಮಧ್ಯಾಹ್ನದಿಂದ."

ಮೌನೇಶಪ್ಪನ ಮುಖ ಸಣ್ಣದಾಯಿತು. ಬನ್ನಿ ಎಲೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ: "ಬೈಬ್ಯಾಡ್ರಿ ಮತ್ತ. ಖಂಡೇಪೂಜಿ ದಿನ ಲೇಥಿಗೆ ಮಾಡಿದ್ವಿ, ಪಂಪಿಗೆ ಮಾಡಿದ್ವಿ, ಆ ಮುರುಕು ಜೀಪಿಗೂ ಮಾಲಿ ಹಾಕಿದ್ವಿ. ಈ ತಾಯಿಗೆ ಮಾತ್ರ ಏನೂ ಇಲ್ಲ. ಮನಸ್ಸು ತಡೀಲಿಲ್ರಿ. ಹೊಗಿ ಹಾಕಬ್ಯಾಡ ಅಂದಿದ್ರಿ, ಹಾಕಿಲ್ಲ. ಕೊಳವಿ ಮುಟ್ಟಬ್ಯಾಡ ಅಂದಿದ್ರಿ, ಮುಟ್ಟಿಲ್ಲ. ಕೆಳಗ ವಾಯರ್ ಹೋಗೂ ಗುಂಡ್ಯಾಗ ಒಂದ್ ಬೂದಗುಂಬಳಕಾಯಿ ಇಟ್ಟೀನ್ರಿ. ಅಷ್ಟ."

ಬೈಯಲೆಂದು ತೆರೆದ ನೀಲಾಂಬಿಕಾರ ಬಾಯಿ ತೆರೆದೇ ಉಳಿಯಿತು.

"ಎಷ್ಟು ದೊಡ್ಡದು?"

"ಛಲೋದು ಐತ್ರಿ. ಆರು ಕಿಲೋ. ಸಂತ್ಯಾಗ ತೂಗಿಸೇ ತಂದೀನಿ."

ಸಮಿತಿಗೆ ಬರೆಯಲಿದ್ದ ಕಾಗದವನ್ನು ತಿರುವಿ ಹಾಕಿ ಅದರ ಬೆನ್ನ ಮೇಲೆ ಲೆಕ್ಕ ಮಾಡಿದರು. ಆರು ಕಿಲೋ, ಒಂದು ಗೇಣಿಗಿಂತ ತುಸು ಹೆಚ್ಚು ಕೆಳಗೆ. ಲೋಕದಲ್ಲಿ ತೂಕವಿರುವ ಪ್ರತಿಯೊಂದೂ ಪ್ರತಿಯೊಂದನ್ನು ಎಳೆಯುತ್ತದೆ. ಸೂರ್ಯ ಭೂಮಿಯನ್ನು ಎಳೆದ ಹಾಗೆ ಕುಂಬಳಕಾಯಿಯೂ ಎಳೆಯಬೇಕು. ಆದರೆ ಅದೆಷ್ಟು ಕಡಿಮೆ ಎಂದರೆ, ತಮ್ಮ ಯಂತ್ರಕ್ಕೆ ಅದರ ಹತ್ತುಪಟ್ಟು ಇದ್ದರೂ ತಿಳಿಯದು ಎಂದು ಅವರು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದರು. ಕಾಗದದ ಮೇಲೆ ಉತ್ತರ ಬಂತು: ಅರವತ್ತಮೂರು.

"ತಗಿ ಅದನ್ನ," ಎಂದರು.

ಮೌನೇಶಪ್ಪ ತೆಗೆದು ಹೊರಗಿಟ್ಟ. ಇಬ್ಬರೂ ಪರದೆಯ ಮುಂದೆ ಕೂತರು. ತಾಸು ಕಳೆಯಿತು. ಇನ್ನೂರ ಹದಿನಾಲ್ಕು.

"ಇಡು ಮತ್ತ."

ಇಟ್ಟ. ಇನ್ನೊಂದು ತಾಸು. ಇನ್ನೂರ ಎಪ್ಪತ್ತೆಂಟು.

ಎಲಾ ಇದರ! ಕಣ್ಣಿಗೆ ಕಾಣದ ಪರಮಾಣು, ಎರಡು ಹಾದಿಯಲ್ಲಿ ಹೋಗುವಾಗ, ಗುಂಡಿಯಲ್ಲಿ ಯಾರೋ ಭಕ್ತಿಯಿಂದ ಇಟ್ಟ ಕುಂಬಳಕಾಯಿ ಇದೆಯೆಂದು ತಿಳಿದು ಬಂದು ಹೇಳುತ್ತಿದೆ. ಮುಟ್ಟಿಲ್ಲ, ನೋಡಿಲ್ಲ. ನಡುವೆ ಎರಡು ಬೆರಳು ದಪ್ಪದ ಉಕ್ಕು, ಕಲ್ಲು, ಸಿಮೆಂಟು. ಯಾವುದೂ ಅಡ್ಡಿಯಾಗಿಲ್ಲ. ಮನುಷ್ಯರು ಮಾಡಿದ ಯಾವ ಗೋಡೆಯೂ ಈ ಎಳೆತವನ್ನು ತಡೆಯಲಾರದು ಎಂದು ಅವರು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿರಲಿಲ್ಲ! ಪಾಠ ಮಾಡುವುದು ಬೇರೆ, ಹೀಗೆ ಎದುರಿಗೇ ಕಾಣುವುದು ಬೇರೆ. ನೀಲಾಂಬಿಕಾರ ಕಣ್ಣಲ್ಲಿ ನೀರು ಬಂತು. ಮೌನೇಶಪ್ಪ ಗಾಬರಿಯಾಗಿ, "ತಪ್ಪಾತ್ರಿ ಬಾಯಾರ, ಇನ್ನ ಮ್ಯಾಲ ಇಡೂದಿಲ್ಲ" ಎಂದು ಕೈಮುಗಿದ.

"ತಪ್ಪಲ್ಲಪಾ, ತಪ್ಪಲ್ಲ. ನೀ ಇಷ್ಟು ವರ್ಷದಾಗ ಮಾಡಿದ ಎಲ್ಲಾ ಕೆಲಸಕಿಂತ ಇದ ದೊಡ್ಡದು. ಈಗ ನೀ ಹೋಗಿ ಅದರ ಬಾಜೂ ಕೂಡು. ಒಂದು ತಾಸು. ಅಲುಗಾಡಬ್ಯಾಡ."

ಯಂತ್ರದ ಪಕ್ಕಕ್ಕೆ ಎರಡಡಿ ದೂರದಲ್ಲಿ, ತುಸು ತಗ್ಗಿನಲ್ಲಿ, ಗೋಡೆಯದೇ ಕಲ್ಲಿನ ಒಂದು ಕಟ್ಟೆಯಿತ್ತು. ಮೌನೇಶಪ್ಪ ಅದರ ಮೇಲೆ ಫೋಟೋಕ್ಕೆ ಕೂತವರಂತೆ ಕೂತ. ಸಂಖ್ಯೆ ನೂರಾ ಮೂರು ಮೆಟ್ಟಿಲು ಏರಿತು. ನೀಲಾಂಬಿಕಾ ಲೆಕ್ಕ ಮಾಡಿ, ಮೈಕಿನಲ್ಲಿ ಕೂಗಿದರು: "ಮೌನೇಶಪ್ಪ, ನಿನ್ನ ತೂಕ ಎಂಬತ್ತೊಂದು ಕಿಲೋ!"

"ಎಂಬತ್ತೆರಡು ಬರೀರಿ," ಒಳಗಿನಿಂದ ದನಿ ಬಂತು. "ಹಬ್ಬದ ಹೋಳಿಗಿ ಐತಿ ಹೊಟ್ಟ್ಯಾಗ."

ಇಬ್ಬರೂ ನಕ್ಕರು. ಐದು ವರ್ಷದ ಹಿಂದಿನ ಸಮಿತಿ ನೆನಪಾಗಿ ನೀಲಾಂಬಿಕಾ ಇನ್ನೂ ಜೋರಾಗಿ ನಕ್ಕರು. ಯಂತ್ರ ಚಂಚಲವಂತೆ! ಆರು ಮಂದಿ ದೊಡ್ಡ ಹೊಟ್ಟೆಯವರು ಸುತ್ತ ನಿಂತರೆ ಅದು ಆರು ಮಂದಿಯನ್ನೂ ತೂಗಿ ತೋರಿಸಿತ್ತು. ಪಾಪದ ಯಂತ್ರ, ನಿಜ ಹೇಳಿ ಬೈಸಿಕೊಂಡಿತ್ತು.

ಕಟ್ಟೆಯಿಂದ ಇಳಿಯುತ್ತ ಮೌನೇಶಪ್ಪ ಅಂದ: "ಕಲ್ಲು ಬಾಳ ತಂಪ ಐತ್ರಿ. ನಮ್ಮ ಯಜಮಾನ್ರು ದಿನಾ ಸಂಜೀಕ ಇದರ ಮ್ಯಾಲ ಹೆಂಗ ಕೂಡತಿದ್ರೋ ಏನೋ."

ನೀಲಾಂಬಿಕಾರ ನಗು ನಿಂತುಹೋಯಿತು.

ಯಜಮಾನರು ಎಂದರೆ ಅವರ ಗಂಡ ಗುರುಶಾಂತಪ್ಪ. ಬೆಟಗೇರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದರು. ಲಗ್ನಪತ್ರಿಕೆ, ಕ್ಯಾಲೆಂಡರು, ಜಾತ್ರೆಯ ಕರಪತ್ರ. ಸಂಜೆ ಪ್ರೆಸ್ ಮುಚ್ಚಿ, ಪೊಟ್ಟಣದಲ್ಲಿ ಚುರುಮುರಿ ಕಟ್ಟಿಸಿಕೊಂಡು ಸ್ಕೂಟರಿನಲ್ಲಿ ಗಣಿಗೆ ಬರುತ್ತಿದ್ದರು. ಆಗ ಕಂಟ್ರೋಲ್ ರೂಮು ಎಲ್ಲಿತ್ತು! ಅದೇ ಕೋಣೆಯ ಮೂಲೆಯಲ್ಲಿ ಹೆಂಡತಿಯ ಮೇಜು, ಯಂತ್ರದ ಪಕ್ಕದ ಕಟ್ಟೆಯಲ್ಲಿ ಇವರು. ಒಂದೂವರೆ ತಾಸು ಸದ್ದಿಲ್ಲದೆ ಕೂತು, ಮರುದಿನ ಅಚ್ಚಾಗುವ ಪತ್ರಿಕೆಗಳ ಕರಡು ತಿದ್ದುತ್ತಿದ್ದರು. ಆಮೇಲೆ ಇಬ್ಬರೂ ಕೂಡಿ ಮನೆಗೆ ಹೋಗುತ್ತಿದ್ದರು. ಅವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಗ್ರಾಫಿನ ನಕ್ಷೆ ತೂಗುತ್ತಿತ್ತು. ನೀಲಾಂಬಿಕಾ ತಿರುಗಿ ಅದನ್ನು ನೋಡಿದರು. ಅವರಿಗೆ ಹೆಸರು ತಂದ ನಕ್ಷೆ ಅದು, ದೇಶದೇಶದ ಪಠ್ಯಪುಸ್ತಕಗಳಲ್ಲಿ ಅಚ್ಚಾದ ನಕ್ಷೆ. ಆ ಕಾಲದಲ್ಲಿ ದಿನವೂ ಸಂಜೆ ಐದರಿಂದ ಆರೂವರೆಯವರೆಗೆ ಸಂಖ್ಯೆ ಕೆಡುತ್ತಿತ್ತು. ದಿನಚರಿಯಲ್ಲಿ "ಸಂಜೆಯ ಗದ್ದಲ" ಎಂದು ಬರೆದಿಡುತ್ತಿದ್ದರು. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ, ಸುತ್ತಲಿನ ಹಳ್ಳಿಗಳಿಗೆ ತ್ರೀಫೇಸ್ ಕರೆಂಟು ಬಿಡುವುದೇ ಸಂಜೆ ಐದಕ್ಕೆ. ಹೊಲಹೊಲದ ಬೋರ್‌ವೆಲ್ ಒಟ್ಟಿಗೇ ಶುರುವಾಗಿ ವೋಲ್ಟೇಜು ಬೀಳುತ್ತಿತ್ತು. ಈ ಸೀಮೆಯಲ್ಲಿ ಬಾಳಿದ ಯಾರೇ ಆದರೂ ಮೊದಲು ಕರೆಂಟನ್ನೇ ಬೈಯುತ್ತಾರೆ; ಅವರೂ ಬೈದರು. ಯುಗಾದಿಯಿಂದ ಸಂಕ್ರಾಂತಿಯವರೆಗೆ ಹತ್ತು ತಿಂಗಳು, ತಿಂಗಳಿಗೊಂದು ಹೊಸ ಬಗೆಯಲ್ಲಿ ತಂತಿ ಸುತ್ತಿ ಸ್ಟೆಬಿಲೈಜರ್ ಕಟ್ಟಿದರು. ತಿಂಗಳಿಂದ ತಿಂಗಳಿಗೆ ಗದ್ದಲ ತಗ್ಗುತ್ತ ಬಂತು. ಸಂಕ್ರಾಂತಿಯ ವಾರ ಕೊನೆಯ ಸುತ್ತು ಹಾಕಿದಾಗ ಪೂರ್ತಿ ನಿಂತೇಹೋಯಿತು. ನಕ್ಷೆಯಲ್ಲಿ ಇಳಿಯುತ್ತ ಹೋಗುವ ಹತ್ತು ಚುಕ್ಕೆ, ಹನ್ನೊಂದನೆಯದು ಸೊನ್ನೆ. "ಮುಳಗುಂದ ಸುತ್ತು" ಎಂದು ಜಗತ್ತು ಅದನ್ನು ಕೊಂಡಾಡಿತು. ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದಾಗ ಗುರುಶಾಂತಪ್ಪ ಇರಲಿಲ್ಲ.

ನಕ್ಷೆ ಇಳಿಸಿ ಮೇಜಿನ ಮೇಲಿಟ್ಟುಕೊಂಡು, ಹಳೆಯ ದಿನಚರಿಗಳನ್ನು ತೆಗೆಸಿ, ಒಂದೊಂದೇ ಚುಕ್ಕೆಯನ್ನು ಕಿಲೋಗೆ ತಿರುಗಿಸಿದರು. ಮೊದಲ ಚುಕ್ಕೆ, ಎಪ್ಪತ್ತೊಂದು. ಎರಡನೆಯದು, ಎಪ್ಪತ್ತು. ಮೂರನೆಯದು, ಅರವತ್ತೇಳು. ಪೆನ್ನು ನಿಲ್ಲಿಸದೆ ಉಳಿದವನ್ನೂ ಬರೆದರು. ಹತ್ತನೆಯದು ನಲವತ್ತೆಂಟು.

ಅಂದು ಹೊತ್ತು ಮುಳುಗುವ ಮೊದಲೇ ಮನೆಗೆ ಬಂದ ನೀಲಾಂಬಿಕಾರನ್ನು ಕಂಡು ಚಂಪವ್ವನಿಗೆ ಅಚ್ಚರಿಯಾಯಿತು. ಚಂಪವ್ವ ಗುರುಶಾಂತಪ್ಪನ ಅಕ್ಕ; ಒಂದೇ ಮನೆಯಲ್ಲಿ ಈಗ ಇಬ್ಬರೇ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

"ಅಕ್ಕಾ, ಅವರು ಸೊರಗಾಕ ಹತ್ತಿದ್ದು ಯಾವಾಗಿಂದ?"

ಬಡಿಯುವ ಕೈ ನಿಂತಿತು. "ಈಗ್ಯಾಕ ಆ ಮಾತು?"

"ಹೇಳು."

"ಉಗಾದಿಗೆ ಹೊಸಾ ಅಂಗಿ ಹೊಲಿಸಿದ್ವಿ ನೋಡು, ಕಾರಹುಣ್ಣಿವಿ ಬರೂದ್ರಾಗ ಮೈಮ್ಯಾಲ ಜೋತಾಡಾಕತ್ತಿತ್ತು. ಡಾಕ್ಟರ್ ರೋಗದ ಹೆಸರ ಹೇಳಿದ್ದು ದೀಪಾವಳಿಗೆ. ಅಷ್ಟೊತ್ತಿಗೆ ಕೈ ಮೀರಿತ್ತು. ಮೊದಲ ನಿನಗೂ ಅಂದಿದ್ದೆ ನಾ, ಗುರುಶಾಂತ ಯಾಕೋ ಇಳದಾನ ಅಂತ."

"ನಾ ಏನಂದೆ?"

"ಹೂಂ ಅಂದಿ." ಚಂಪವ್ವ ರೊಟ್ಟಿ ತಿರುವಿದರು. "ನಿನ್ನ ತಲಿ ಆ ತಂತಿ ಸುತ್ತೂದ್ರಾಗ ಇತ್ತು. ಮನಸ್ಸಿಗೆ ಹಚ್ಗೋಬ್ಯಾಡವಾ, ಮೊದಮೊದಲ ಅವಂಗೂ ಗೊತ್ತಿರಲಿಲ್ಲ. ಸಂಕ್ರಾಂತಿ ಮಟಾ ಸ್ಕೂಟರ್ ಹತ್ತಿ ನಿನ್ನ ಗಣಿಗೆ ಬರೂದು ಬಿಡಲಿಲ್ಲ. ಮಲಗಾಂದ್ರ ಮಲಗಲಿಲ್ಲ."

ನೀಲಾಂಬಿಕಾ ಅಲ್ಲೇ ಗೋಡೆಗೊರಗಿ ಕೂತರು. ಡಾಕ್ಟರಿಗೆ ತಿಳಿಯುವ ಐದಾರು ತಿಂಗಳ ಮೊದಲೇ ಯಂತ್ರಕ್ಕೆ ತಿಳಿದಿತ್ತು. ದಿನವೂ ಹೇಳುತ್ತಿತ್ತು. ನಿನ್ನ ಗಂಡ ಕರಗುತ್ತಿದ್ದಾನೆ, ನೋಡು, ಇವತ್ತು ಇಷ್ಟು, ನಾಳೆ ಇಷ್ಟು. ಅವರು ಅದನ್ನು ಕೇಳಿ ಸಂತೋಷಪಟ್ಟಿದ್ದರು. ಗದ್ದಲ ಕಡಿಮೆಯಾಯಿತೆಂದು ಒಂದು ದಿನ ಪೇಢೆಯನ್ನೂ ಹಂಚಿದ್ದರು. ಆ ಪೇಢೆ ತಂದುಕೊಟ್ಟವರು ಗುರುಶಾಂತಪ್ಪನೇ. ಅದು ನೆನಪಾದದ್ದೇ ತಡ, ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಭಾನುವಾರ ಮೌನೇಶಪ್ಪನಿಗೆ ಎಲ್ಲ ಹೇಳಿದರು. ಅವನು, "ಬಾಯಾರ, ಕುಂಬಳಕಾಯಿ ತೋರಸ್ರಿ, ಸಾಕು. ಪಂಪ್ ಉಳೀತಾವ. ಹಳೇದ್ಯಾಕ ಕೆದಕತೀರಿ? ಯಾರಿಗೆ ಗೊತ್ತೈತಿ?" ಎಂದ.

"ನನಗ ಗೊತ್ತಾತಲ್ಲೋ."

"ಆ ಸುತ್ತಿನ ಮ್ಯಾಲ ನಿಮ್ಮ ಹೆಸರು ನಿಂತೈತ್ರಿ. ಅದು ಸುಳ್ಳಂದ್ರ ನಾಳೆ ಕುಂಬಳಕಾಯೀನೂ ಸುಳ್ಳ ಅಂತಾರ. ಪಂಪ್ ನಿಲ್ಲಸ್ತಾರ."

ಅವನ ಮಾತಲ್ಲಿ ಹುರುಳಿತ್ತು. ನೀಲಾಂಬಿಕಾ ಆ ರಾತ್ರಿಯಿಡೀ ಅದನ್ನೇ ತೂಗಿ ನೋಡಿದರು.

ಸೋಮವಾರ ಸಮಿತಿ ಬಂತು. ಮುಖ್ಯಸ್ಥರು ಬೆಂಗಳೂರಿನ ಡಾ. ಯದುಪತಿ, ನೀಲಾಂಬಿಕಾರ ಹೆಸರನ್ನು ಪ್ರಶಸ್ತಿಗೆ ಸೂಚಿಸಿದ್ದವರು, ತಮ್ಮ ಪ್ರಯೋಗಾಲಯದಲ್ಲೂ ಮುಳಗುಂದ ಸುತ್ತನ್ನೇ ಹಾಕಿಸಿಕೊಂಡವರು. ಕುಂಬಳಕಾಯಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಪ್ರತಿ ಸಲವೂ ಸಂಖ್ಯೆ ಹೇಳಿದಂತೆ ಕೇಳಿತು. ಯದುಪತಿಯವರು ಎದ್ದುನಿಂತು ಚಪ್ಪಾಳೆಯನ್ನೇ ತಟ್ಟಿದರು. "ಮೇಡಂ, ಇಂಥದ್ದನ್ನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಮನೆ ಕುಸಿದು ಮಣ್ಣಡಿ ಸಿಕ್ಕಿಕೊಂಡ ಮನುಷ್ಯ ಎಲ್ಲಿದಾನೆ ಅಂತ ಮೇಲೆ ನಿಂತೇ ಹೇಳಬಹುದು! ಪಂಪು ನಿಲ್ಲಿಸೋ ಮಾತೇ ಇಲ್ಲ. ಎಲ್ಲಿ, ಸಹಿ ಹಾಕ್ತೀನಿ."

"ಸಹಿ ಹಾಕೂ ಮೊದಲ ಇನ್ನೊಂದು ಕಾಗದ ನೋಡ್ರಿ," ಎಂದರು ನೀಲಾಂಬಿಕಾ. ಬಾಗಿಲಲ್ಲಿ ನಿಂತಿದ್ದ ಮೌನೇಶಪ್ಪ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

ಹಳೆಯ ನಕ್ಷೆ, ಅದರ ಪಕ್ಕಕ್ಕೆ ಹೊಸ ಲೆಕ್ಕ. ಹತ್ತು ಚುಕ್ಕೆ, ಹತ್ತು ತೂಕ. ಕೊನೆಯಲ್ಲಿ ಗುರುಶಾಂತಪ್ಪನ ಆಸ್ಪತ್ರೆಯ ಚೀಟಿ: ಸಂಕ್ರಾಂತಿಯ ಮರುದಿನ, ನಲವತ್ತೇಳೂವರೆ ಕಿಲೋ. ಯದುಪತಿಯವರು ಎರಡೆರಡು ಸಲ ಓದಿದರು. ಮುಖ ಬಿಗಿಯಾಯಿತು.

"ಅಂದರೆ ಆ ಸುತ್ತು?"

"ಅದರಾಗ ಏನೂ ಇಲ್ಲ. ಮಾಮೂಲಿ ಸ್ಟೆಬಿಲೈಜರ್."

"ಮೇಡಂ, ಹನ್ನೆರಡು ವರ್ಷ ಅದನ್ನ ನಂಬಿದ ನಾವೆಲ್ಲ ಏನಾದ್ವಿ? ಇಷ್ಟು ದೊಡ್ಡ ತಪ್ಪು ಮಾಡಿದವರಿಗೆ ಮತ್ತೆ ಐದು ವರ್ಷ ಕೊಡಿ ಅಂತ ಮೇಲಿನವರಿಗೆ ಹೇಗೆ ಬರೆಯಲಿ? ನೀವು ಇದನ್ನ ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

"ಹೌದ್ರಿ. ಗೊತ್ತಾಗ್ತಿರಲಿಲ್ಲ." ನೀಲಾಂಬಿಕಾ ಆಸ್ಪತ್ರೆಯ ಚೀಟಿಯನ್ನು ಮುಂದಕ್ಕೆ ಸರಿಸಿದರು. "ಆದರ ನಾ ಅವರನ್ನ ಕರೆಂಟಿನ ದೋಷ ಅಂತ ಬರದೀನಿ. ಜಗತ್ತಿನ ಪುಸ್ತಕದಾಗೆಲ್ಲಾ ಹಂಗ ಐತಿ. ಅದನ್ನ ಹಂಗ ಬಿಟ್ಟು ನಾ ಸಾಯಾಕಾಗೂದಿಲ್ಲ. ಯಂತ್ರ ಒಂದು ದಿನಾನೂ ಸುಳ್ಳು ಹೇಳಿಲ್ರಿ. ತಪ್ಪು ಓದಿದಾಕಿ ನಾನು. ಪಂಪ್ ನಿಲ್ಲಸೂದಿದ್ರ ನಿಲ್ಲಸ್ರಿ."

ದೂರದಲ್ಲಿ ಪಂಪುಗಳ ಸದ್ದು ಕೇಳುತ್ತಿತ್ತು. ಯದುಪತಿಯವರು ಕನ್ನಡಕ ತೆಗೆದಿಟ್ಟು ಎದ್ದರು. ಯಂತ್ರದ ಕೋಣೆಗೆ ಹೋಗಿ, ಕೋಟು ಬಿಚ್ಚಿ ಹೊರಗಿಟ್ಟು, ಕಲ್ಲಿನ ಕಟ್ಟೆಯ ಮೇಲೆ ಒಬ್ಬರೇ ಕೂತರು. ಒಂದು ತಾಸು ಅಲುಗಾಡಲಿಲ್ಲ. ಹೊರಗೆ ಬಂದು, "ಎಷ್ಟು?" ಎಂದರು.

"ಅರವತ್ತಾರು."

"ಹೋದ ವಾರ ನಮ್ಮ ಡಾಕ್ಟರು ಅರವತ್ತಾರೂಕಾಲು ಅಂದಿದ್ರು," ಎಂದರು. ಅವರ ದನಿ ಒಳಗೆ ಹೋಗುವಾಗ ಇದ್ದಂತೆ ಇರಲಿಲ್ಲ. "ಅಲ್ಲಿ ಕೂತಾಗ ಒಂಥರಾ ಭಯ ಆಯ್ತು ಮೇಡಂ. ದೇವರ ಕೋಣೆಯಲ್ಲಿ ಕೂತ ಹಾಗೆ. ನಾನು ಇದೀನಿ ಅಂತ ಅದಕ್ಕೆ ಗೊತ್ತು." ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ಐದು ವರ್ಷವಲ್ಲ, ಎರಡು ವರ್ಷ. ಅದೂ ಒಂದು ಷರತ್ತಿನ ಮೇಲೆ: ಹಳೆಯ ಪ್ರಬಂಧವನ್ನು ನೀಲಾಂಬಿಕಾ ತಾವೇ ಹಿಂತೆಗೆದುಕೊಳ್ಳಬೇಕು, ಪ್ರಶಸ್ತಿಯನ್ನು ಹಿಂದಿರುಗಿಸಬೇಕು. ನೀಲಾಂಬಿಕಾ ಸಂತೋಷದಿಂದ ಒಪ್ಪಿದರು. ಮೌನೇಶಪ್ಪ ಹೊರಗೆ ಓಡಿಹೋಗಿ ಪಂಪುಗಳಿಗೆ ಕೈಮುಗಿದು ಬಂದ.

ಮರುದಿನ ಬೆಳಿಗ್ಗೆ ನೀಲಾಂಬಿಕಾ ಹಿಂತೆಗೆತದ ಅರ್ಜಿ ತುಂಬಲು ಕೂತರು. ಪ್ರಬಂಧದ ಹೆಸರು, ಅಚ್ಚಾದ ವರ್ಷ, ತಪ್ಪಿರುವ ನಕ್ಷೆ ಯಾವುದು ಎಲ್ಲ ಸಲೀಸಾಗಿ ಬರೆದರು. ಕೊನೆಯ ಕಲಂ: ತಪ್ಪಿಗೆ ಕಾರಣ, ಮೂರು ಸಾಲು ಮೀರದಂತೆ. ವೋಲ್ಟೇಜಿನ ವಿಷಯ ಬರೆದು ಹೊಡೆದುಹಾಕಿದರು. ಯಂತ್ರದ ಸೂಕ್ಷ್ಮತೆಯನ್ನು ಕಡಿಮೆ ಅಂದಾಜು ಮಾಡಿದ್ದು ಎಂದು ಬರೆದು ಅದನ್ನೂ ಹೊಡೆದುಹಾಕಿದರು. ಆಮೇಲೆ ನಿಧಾನವಾಗಿ, ದುಂಡಗೆ ಬರೆದರು:

"ಆ ಹತ್ತು ತಿಂಗಳು ನನ್ನ ಗಂಡ ಪಕ್ಕದಲ್ಲೇ ಕೂತು ದಿನಕ್ಕಿಷ್ಟು ಸೊರಗುತ್ತಿದ್ದರು. ಯಂತ್ರ ಅದನ್ನು ಗಮನಿಸಿತು. ನಾನು ಗಮನಿಸಲಿಲ್ಲ."